ಸನ್ನಡತೆಯ ಸರ್ಟಿಫಿಕೇಟು ಪಡೆದ ದೇವರುಗಳು

ನಾಲ್ಕು ಜನರ ಬಾಯಲ್ಲಿ ಒಳ್ಳೆಯವನೆನಿಸಿಕೊಳ್ಳಲು ಮನುಷ್ಯ ಒಂದು ಜನ್ಮ ಸವೆಸಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ದೇವರಿಗೆ ಆ ಕಷ್ಟವಿಲ್ಲ. ಹೆಸರಿನ ಪಕ್ಕದಲ್ಲೇ ‘ಒಳ್ಳೆಯವನು’ ಎಂದು ಅಚ್ಚಾಗಿರುತ್ತದೆ. ಆಮೇಲೆ ಅವನು ಏನು ಮಾಡಿದರೂ ಒಳ್ಳೆಯದೇ.

1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಆಟಕ್ಕೆ ದಾಳ, ಕಾಗದ, ಕಥೆ ಹೇಳುವವನೊಬ್ಬ, ಅವನೊಡನೆ ವಾದಿಸುವ ನಾಲ್ಕಾರು ಗೆಳೆಯರು ಇದ್ದರೆ ಸಾಕು. ಆರಂಭದಲ್ಲಿ ಆಟದ ಪಾತ್ರಗಳು ಸೇರಬಹುದಾದ ಪಕ್ಷಗಳು ಮೂರೇ: ನಿಯಮ, ತಾಟಸ್ಥ್ಯ, ಅರಾಜಕತೆ. ಕೆಲವೇ ವರ್ಷಗಳಲ್ಲಿ ಒಳಿತು ಕೆಡುಕುಗಳೂ ಸೇರಿ ಒಂಬತ್ತು ಮನೆಯ ಕುಂಡಲಿಯಾಯಿತು. ನಮ್ಮ ಜಾತಕಕ್ಕಿಂತ ಮೂರು ಮನೆ ಕಡಿಮೆ, ಆದರೆ ಭರವಸೆ ಹೆಚ್ಚು.

1980ರಲ್ಲಿ ಬಂದ ದೇವತೆಗಳ ಕೈಪಿಡಿ ಗ್ರೀಕರ ಜ್ಯೂಸ್‌ಗೆ 400 ಹಿಟ್ ಪಾಯಿಂಟ್ ನಿಗದಿಪಡಿಸಿತು. ಏಟು ತಿಂದು ಆ 400 ಅಂಕ ಕರಗಿದರೆ ದೇವರಾಜನ ಕಥೆ ಮುಗಿಯಿತು. ಕಂಡವರ ಹೆಂಡತಿಯರ ಬೆನ್ನುಹತ್ತಿದ ಈತನಿಗೆ ಸಿಕ್ಕ ದರ್ಜೆ ‘ಸ್ವೇಚ್ಛಾಚಾರಿ ಒಳ್ಳೆಯವನು’. ಪದಗಳ ಕ್ರಮವನ್ನು ಗಮನಿಸಬೇಕು. ಅದೇ ಪುಸ್ತಕದಲ್ಲಿ ನಮ್ಮ ಇಂದ್ರ, ಅಗ್ನಿ, ಯಮರೂ ಅಂಕಪಟ್ಟಿ ಹಿಡಿದು ನಿಂತಿದ್ದಾರೆ. ನಮ್ಮ ದಾಸರು ನಿಂದಾಸ್ತುತಿಯಲ್ಲಿ ದೇವರ ಮಾನ ಹರಾಜು ಹಾಕಿದ್ದುಂಟು, ಆದರೆ ವಿಠಲ ಎಷ್ಟು ಏಟು ತಡೆದಾನು ಎಂದು ಕೇಳುವುದು ಅವರಿಗೂ ಹೊಳೆದಿರಲಿಲ್ಲ.

ಇನ್ನು ಒಳ್ಳೆಯ ದೇವರುಗಳ ಕೆಲಸ ನೋಡೋಣ. ಈ ಆಟದ ಕಥಾಸರಣಿಗಳಲ್ಲೊಂದಾದ ಡ್ರ್ಯಾಗನ್‌ಲ್ಯಾನ್ಸ್‌ನ ಕ್ರಿನ್ ಲೋಕದಲ್ಲಿ ಇಸ್ಟಾರ್ ಎಂಬ ನಗರ. ಅದರ ರಾಜಪುರೋಹಿತನಿಗೆ ಕೆಡುಕನ್ನು ಬೇರುಸಹಿತ ಕೀಳುವ ಹುಚ್ಚು. ಮನಸ್ಸಿನಲ್ಲಿ ಕೆಟ್ಟದ್ದು ಹೊಳೆದರೂ ಅಪರಾಧ. ಒಬ್ಬನ ತಲೆ ತಿರುಗಿದ್ದಕ್ಕೆ ದೇವರುಗಳು ಉರಿಯುವ ಬೆಟ್ಟವನ್ನೇ ತಂದು ಇಡೀ ನಗರದ ತಲೆಯ ಮೇಲೆ ಹಾಕಿದರು. ಒಳ್ಳೆಯ ದೇವರುಗಳದ್ದೂ ಸಹಿ ಇತ್ತು. ನಿಜವಾದ ಅರ್ಚಕರನ್ನು ಮಾತ್ರ ಮುಂಚೆಯೇ ಬೇರೆಡೆಗೆ ಸಾಗಿಸಿದ್ದರು. ತೊಟ್ಟಿಲ ಕೂಸುಗಳಿಗೆ ಆ ಏರ್ಪಾಡು ಇರಲಿಲ್ಲ. ಬಳಿಕ ಮುನ್ನೂರಕ್ಕೂ ಹೆಚ್ಚು ವರ್ಷ ಗಾಯ ಮಾಯಿಸುವ ವರವೂ ಬಂದ್. ಕಾರಣ ಕೇಳಿದರೆ, ನಾವು ಬಿಟ್ಟುಹೋಗಲಿಲ್ಲ, ನೀವೇ ನಮ್ಮನ್ನು ಬಿಟ್ಟಿರಿ ಎಂಬ ಉತ್ತರ. ಫ್ಯೂಸ್ ಕಿತ್ತುಕೊಂಡು ಹೋದವನು ಕತ್ತಲಲ್ಲಿ ಯಾಕೆ ಕೂತಿದ್ದೀರಿ ಎಂದು ಗದರಿದ ಹಾಗೆ.

ಇನ್ನೊಂದು ಕಥಾಸರಣಿ ಫರ್ಗಾಟನ್ ರೆಲ್ಮ್ಸ್‌ನ ಫೇರೂನ್ ನಾಡು ಇದಕ್ಕಿಂತ ಅಚ್ಚುಕಟ್ಟು. ಅಲ್ಲಿ ದೇವರುಗಳಿಗೂ ಒಬ್ಬ ಮೇಲಧಿಕಾರಿ, ಹೆಸರು ಏಓ. ಯಾರಿಗೆ ಎಷ್ಟು ಭಕ್ತರೋ ಅಷ್ಟೇ ಶಕ್ತಿ ಎಂಬುದು ಅವನ ಆಜ್ಞೆ. ಸದಸ್ಯತ್ವ ಅಭಿಯಾನ ಶುರುವಾಗಲು ಇನ್ನೇನು ಬೇಕು? ಯಾವ ದೇವರಿಗೂ ನಡೆದುಕೊಳ್ಳದೆ ಸತ್ತವರಿಗಾಗಿ ಪರಲೋಕದಲ್ಲಿ ಗೋಡೆಯೊಂದು ಮೊದಲೇ ಕಟ್ಟಿದೆ. ಇಟ್ಟಿಗೆಯ ಬದಲು ಆತ್ಮಗಳು, ಕರಗಿ ಇಲ್ಲವಾಗುವವರೆಗೂ. ಕಾಯಕವೇ ಕೈಲಾಸವೆಂದು ನಡುರಾತ್ರಿ ಎದ್ದೋಡಿ ಊರಿಗೆಲ್ಲ ಹೆರಿಗೆ ಮಾಡಿಸಿ, ಗುಡಿಗೆ ಹೋಗಲು ಪುರುಸೊತ್ತು ಸಿಗದ ಸೂಲಗಿತ್ತಿಗೆ ಅದೇ ಕೈಲಾಸ. ಕೊಲೆಯ ದೇವರಿಗೆ ತಪ್ಪದೆ ನಡೆದುಕೊಂಡ ಕಟುಕನಿಗೆ ಗೋಡೆಯಿಂದ ವಿನಾಯಿತಿ ಉಂಟು.

ಗೋಡೆ ಕಟ್ಟಿದವನು ಸತ್ತವರ ದೇವರು ಮಿರ್ಕುಲ್, ದುಷ್ಟ. ಅದು ಅವನ ವೃತ್ತಿಧರ್ಮ, ದೂರಿಲ್ಲ. ಮುಂದೆ ಆ ಕುರ್ಚಿಗೆ ಮನುಷ್ಯನಾಗಿದ್ದ ಕೆಲೆಂವೋರ್ ಬಂದ. ಪಾಪ, ಹೊಸಬ; ಸತ್ತವರ ನಡತೆ ನೋಡಿ ತೀರ್ಪು ಕೊಡತೊಡಗಿದ. ಉಳಿದ ದೇವರುಗಳಿಗೆ ದಿಗಿಲಾಯಿತು: ಒಳ್ಳೆಯವರಾಗಿದ್ದರೇ ಸಾಕೆಂದಾದರೆ ನಮಗೆ ಕೈಮುಗಿಯುವವರು ಯಾರು? ಆಕ್ಷೇಪಣೆ ಸಲ್ಲಿಕೆಯಾಯಿತು. ಕೆಲೆಂವೋರ್ ಕರುಣೆ ಬಿಟ್ಟು ಕಡತ ಹಿಡಿದ. ಗೋಡೆ ಉಳಿಯಿತು.

ಏಓನ ಮೇಲೂ ಒಬ್ಬನಿದ್ದಾನೆ ಎಂಬುದು ನನ್ನ ಗುಮಾನಿ: ಪ್ರಕಾಶಕ. 1989ರ ಎರಡನೆಯ ಆವೃತ್ತಿ ಆಟದ ನಿಯಮಗಳಿಂದ ಹಂತಕರ ಪಾತ್ರವರ್ಗವನ್ನು ಕೈಬಿಟ್ಟಿತು. ಕಥೆಯಲ್ಲಿ ಬೇನ್ ಎಂಬ ದೇವರು ಲೋಕದ ಹಂತಕರ ಪ್ರಾಣವನ್ನೆಲ್ಲ ಹೀರಿಕೊಂಡು ಲೆಕ್ಕ ಸರಿಹೊಂದಿಸಿದ. ಗೋಡೆಯ ಹಣೆಬರಹವೂ ಅದೇ. 2015ರ ಕೈಪಿಡಿಯಲ್ಲಿ ಅದರ ಪ್ರಸ್ತಾಪವಿತ್ತು. 2020ರ ತಪ್ಪೊಪ್ಪೋಲೆಯಲ್ಲಿ ಕಾಟು ಹೊಡೆದರು. ಯಾವ ದೇವರ ಮನಸ್ಸೂ ಕರಗಲಿಲ್ಲ, ಯಾವ ವೀರನೂ ಸುತ್ತಿಗೆ ಎತ್ತಲಿಲ್ಲ. ಅಲ್ಲಿ ಸಿಕ್ಕಿಬಿದ್ದಿದ್ದವರಿಗೆ ಪರಿಹಾರವೇನು, ಪುನರ್ವಸತಿ ಎಲ್ಲಿ ಎಂಬುದಕ್ಕೆ ಒಂದಕ್ಷರವಿಲ್ಲ. ಹಳೆಯ ಮುದ್ರಣವಿರುವ ಕಪಾಟುಗಳಲ್ಲಿ ಗೋಡೆ ಈಗಲೂ ನಿಂತಿದೆ. ಆದ್ದರಿಂದ ಫೇರೂನಿನ ಸೂಲಗಿತ್ತಿಯರು ಯಾವ ಮುದ್ರಣದಲ್ಲಿ ಸಾಯುತ್ತಿದ್ದೇವೆ ಎಂದು ಒಮ್ಮೆ ನೋಡಿಕೊಂಡು ಸಾಯುವುದು ಕ್ಷೇಮ.