ಅಕ್ಕಾ, ಡೈವಿಂಗ್‌ನಲ್ಲಿ ಹಂಗೇನಾ?

ಭಾನುವಾರದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೇಳಿದ್ದು ಟವೆಲ್ ಹೊದ್ದು ದೋಣಿಯ ಮೂಲೆಯಲ್ಲಿ ಕೂತಿದ್ದ ಹುಡುಗಿ, ಇನ್ನೂ ಕಾಲೇಜು ಓದುವವಳು. ಜೀವನದಲ್ಲಿ ಮೊದಲ ಸಲ ಸಮುದ್ರದೊಳಗೆ ಇಳಿದು ಬಂದಿದ್ದಳು. ಮೀನಿನ ಬಗ್ಗೆ ಒಂದು ಮಾತಿಲ್ಲ, ಹವಳದ ಬಗ್ಗೆ ಒಂದು ಮಾತಿಲ್ಲ. "ಅಕ್ಕಾ, ನಿಮಗೆ ಅಭ್ಯಾಸ ಇದೆಯಲ್ಲ. ಡೈವಿಂಗ್‌ನಲ್ಲಿ ಹಂಗೇನಾ? ಅಲ್ಲೆಲ್ಲಾ ಮುಟ್ಟಲೇಬೇಕಾ?"

ಇಲ್ಲ ಪುಟ್ಟಾ, ಮುಟ್ಟಬೇಕಾಗಿಲ್ಲ ಅಂದೆ. ಅವಳ ಜೊತೆಗಿದ್ದ ಅಣ್ಣ, ದೊಡ್ಡಪ್ಪನ ಮಗನಂತೆ, ತಕ್ಷಣ ಬಾಯಿ ಹಾಕಿದ: "ಮುಟ್ಟದೆ ಹೇಗೆ ಮೇಡಂ ಕಲಿಸ್ತಾರೆ? ಇವಳಿಗೆ ಮೊದಲೇ ಭಯ ಜಾಸ್ತಿ."

ನಾನು ನೋಡಿದ್ದೆ. ಅದಕ್ಕೇ ಇಷ್ಟು ಸಿಟ್ಟು. ನಾವಿಬ್ಬರು ಸ್ನೇಹಿತೆಯರು ಆರೇಳು ಮೀಟರ್ ಆಳದಲ್ಲಿ ಬಂಡೆಯ ಪಕ್ಕ ಇದ್ದೆವು, ನೀರು ತಿಳಿಯಾಗಿತ್ತು. ಇನ್‌ಸ್ಟ್ರಕ್ಟರ್‌ನ ಒಂದು ಕೈ ಅವಳ ಬೆನ್ನ ಹಿಂದಿನ ಸಿಲಿಂಡರ್‌ನ ವಾಲ್ವ್ ಮೇಲಿತ್ತು, ಅದು ಇರಬೇಕಾದ ಜಾಗ. ಇನ್ನೊಂದು ಕೈ ಡೈವಿಂಗ್ ಜಾಕೆಟ್ಟಿನೊಳಗೆ ಅವಳ ಎದೆಯ ಮೇಲಿತ್ತು. ಅವಳು ತಳ್ಳಿದಳು. ಕೈ ಮತ್ತೆ ಬಂತು. ಮತ್ತೆ ತಳ್ಳಿದಳು. ಆಗ ಅವನು ಎದುರಿಗೆ ಬಂದು, ಹೆಬ್ಬೆರಳು ತೋರುಬೆರಳು ಸೇರಿಸಿ 'ಓಕೆ?' ಅಂತ ಕೇಳಿದ. ಅವಳೂ ಬೆರಳು ಸೇರಿಸಿ 'ಓಕೆ' ಅಂದಳು.

ನೀರಿಗೆ ಇಳಿಯದವರಿಗೆ ಈ 'ಓಕೆ' ಅರ್ಥವಾಗಲಿಕ್ಕಿಲ್ಲ. ಬಾಯಲ್ಲಿ ಸಿಲಿಂಡರ್‌ನಿಂದ ಉಸಿರು ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡಿರುತ್ತೀರಿ, ಕೂಗುವ ಹಾಗಿಲ್ಲ. ಇಳಿಯುವ ಮುಂಚೆ ಹೇಳಿಕೊಟ್ಟಿರುವುದು ನಾಲ್ಕೈದು ಸನ್ನೆ: ಓಕೆ, ಏನೋ ತೊಂದರೆ, ಕಿವಿ ನೋವು, ಮೇಲೆ ಹೋಗೋಣ. 'ಕೈ ತೆಗಿ' ಅನ್ನುವುದಕ್ಕೆ ಸನ್ನೆಯನ್ನು ಯಾರೂ ಹೇಳಿಕೊಟ್ಟಿಲ್ಲ. ತಪ್ಪಿಸಿಕೊಂಡು ಮೇಲೆ ಹಾರೋಣವೆಂದರೆ ಅದೂ ಆಗುವುದಿಲ್ಲ. ಉಸಿರು ಬಿಗಿಹಿಡಿದು ಸರ್ರನೆ ಮೇಲೆ ಹೋದರೆ ಶ್ವಾಸಕೋಶದಲ್ಲಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಒಡೆಯಬಹುದು ಎಂದು ಮೊದಲ ಪಾಠದಲ್ಲೇ ಹೆದರಿಸಿರುತ್ತಾರೆ, ಅದು ನಿಜ ಕೂಡ. ಜಾಕೆಟ್‌ಗೆ ಗಾಳಿ ತುಂಬಿ ಮೇಲೆ ತೇಲಿಸುವ ಗುಂಡಿಯೂ ಅವನ ಕೈಯಲ್ಲೇ. ಆ ಹುಡುಗಿಯ ಪ್ರಾಣ ಅವನ ಹಿಡಿತದಲ್ಲಿತ್ತು. ಓಕೆ ಅನ್ನದೆ ಏನು ಅಂದಾಳು?

'ಮುಟ್ಟದೆ ಹೇಗೆ' ಅನ್ನುವವರಿಗೆ ಹೇಳುತ್ತೇನೆ ಕೇಳಿ. ಮುಟ್ಟಬೇಕಾಗುತ್ತದೆ, ಹೌದು. ಎಲ್ಲಿ ಅನ್ನುವುದಕ್ಕೂ ಲೆಕ್ಕವಿದೆ. ಮೊದಲ ಸಲ ಇಳಿಯುವವರನ್ನು ಸಿಲಿಂಡರ್‌ನ ತಲೆಭಾಗದಲ್ಲಿ ಹಿಡಿಯಬಹುದು, ಜಾಕೆಟ್ಟಿನ ಭುಜದ ಪಟ್ಟಿ ಹಿಡಿಯಬಹುದು, ಮುಂಗೈ ಹಿಡಿಯಬಹುದು. ಗಾಳಿ ತುಂಬುವ ಕೊಳವೆ ಎಡಭುಜದಿಂದ ಎದೆಯ ಕಡೆಗೆ ಇಳಿದಿರುತ್ತದೆ, ಅದರ ತುದಿಯ ಗುಂಡಿ ಒತ್ತಲು ಎರಡು ಬೆರಳು ಸಾಕು, ಅಂಗೈ ಬೇಡ. ಮೈಗಂಟುವ ಡೈವಿಂಗ್ ಉಡುಪು, ವೆಟ್‌ಸೂಟಿನ ಜಿಪ್ಪು ಬೆನ್ನ ಹಿಂದೆ ಇರುತ್ತದೆ, ಅದಕ್ಕೆ ಉದ್ದನೆಯ ದಾರ ಇರುವುದೇ ನಾವೇ ಎಳೆದುಕೊಳ್ಳಲಿ ಅಂತ. ಎದೆಯ ಬಕಲ್, ಸೊಂಟದ ಪಟ್ಟಿ, ತೂಕದ ಬೆಲ್ಟ್ ಎಲ್ಲವನ್ನೂ ದೋಣಿಯ ಮೇಲೆ ನಾವೇ ಹಾಕಿಕೊಳ್ಳಬಹುದು. ಅವನು ಆಮೇಲೆ ಎಳೆದು ನೋಡಿದರೆ ಸಾಕು.

ನೇತ್ರಾಣಿ ದ್ವೀಪಕ್ಕೆ ಹೋಗಿದ್ದಾಗ ನನ್ನ ಜೊತೆ ಇಳಿದ ಹುಡುಗ ಮುರುಡೇಶ್ವರದ ಕಡೆಯ ಮೀನುಗಾರರ ಮನೆಯವನು. ಪ್ರತಿ ಸಲ "ಬೆಲ್ಟ್ ನೋಡ್ತೆ ಅಕ್ಕ", "ಈಗ ಸಿಲಿಂಡರ್ ಹಿಡೀತೆ" ಅಂತ ಹೇಳಿಯೇ ಕೈ ಹಾಕುತ್ತಿದ್ದ. ಸಮುದ್ರ ಜೋರಿತ್ತು, ಆದರೂ ಹೇಳುತ್ತಿದ್ದ. ಒಳ್ಳೆಯ ಕೆಲಸಗಾರನಿಗೆ ಅದೇನು ಭಾರವಾಗುವುದಿಲ್ಲ. ಆದ್ದರಿಂದ 'ಎಲ್ಲರೂ ಹಾಗಿರಲ್ಲ' ಅಂತ ಕಾಮೆಂಟ್ ಹಾಕಲು ಹೊರಟವರು ದಯವಿಟ್ಟು ನಿಲ್ಲಿ. ಗೊತ್ತು. ಹಾಗಿರದವರನ್ನು ಕಂಡಿದ್ದರಿಂದಲೇ ಭಾನುವಾರದ ಇನ್‌ಸ್ಟ್ರಕ್ಟರ್‌ನ ಕೈ ಎಲ್ಲಿತ್ತು ಅನ್ನುವುದು ನನಗೆ ಅಷ್ಟು ಸ್ಪಷ್ಟವಾಗಿ ಕಂಡಿದ್ದು.

ಅವತ್ತು ನೀರಿಗೆ ಇಳಿಯುವ ಮುಂಚೆಯೇ ಸೂಚನೆ ಸಿಕ್ಕಿತ್ತು, ನಾನು ಗಮನ ಕೊಡಲಿಲ್ಲ. ಗುಂಪಿನಿಂದ ಇವಳೊಬ್ಬಳನ್ನೇ "ಇವರನ್ನ ನಾನೇ ಕೊನೇಲಿ ಕರ್ಕೊಂಡು ಹೋಗ್ತೀನಿ" ಅಂತ ಬೇರೆ ಮಾಡಿದ. ರಿಲ್ಯಾಕ್ಸ್ ಆಗಲಿ ಅಂತ ಭುಜ ಒತ್ತಿದ. ಕೇಳದೆಯೇ ಜಿಪ್ಪು ಎಳೆದ. ಫೋಟೋ ಕಳಿಸುತ್ತೇನೆ ಅಂತ ಇನ್‌ಸ್ಟಾಗ್ರಾಮ್ ಐಡಿ ಕೇಳಿದ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ ಅನ್ನಿಸುತ್ತದೆ. ಅವನಿಗೂ ಅದು ಗೊತ್ತಿರುತ್ತದೆ.

ಜಾಗದ ಹೆಸರು, ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ದೂರಿನಲ್ಲಿ ಬರೆದಾಗಿದೆ. ಇಲ್ಲಿ ಬರೆದರೆ ಹುಡುಗಿ ಯಾರು ಅಂತ ಗೊತ್ತಾಗುತ್ತದೆ, ಅದಕ್ಕೆ ನಾನು ಬಿಡುವುದಿಲ್ಲ. ಇಷ್ಟನ್ನು ಬರೆಯುತ್ತಿರುವುದೂ ಅವಳು ಒಪ್ಪಿದ ಮೇಲೆಯೇ.

ದೂರು ಕೊಡುವುದು ಹೇಗೆ ಅಂತ ಆ ದೋಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. "ಬೇರೆ ಊರು, ನಾಳೆ ಬಸ್ಸಿದೆ, ಯಾರು ಅಲೀತಾರೆ" ಅಂತ ಅಣ್ಣನ ಮಾತು. ಅಲೆಯಬೇಕಾಗಿಲ್ಲ. ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಮಾಡಿಸಬಹುದು, ಆಮೇಲೆ ಅದನ್ನು ಅಲ್ಲಿಯ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ. ಇಂಥ ದೂರನ್ನು ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಕಿರುಕುಳಕ್ಕೆ 75ನೇ ಸೆಕ್ಷನ್, ಹೆಣ್ಣಿನ ಮಾನಕ್ಕೆ ಧಕ್ಕೆ ತರಲು ಬಲಪ್ರಯೋಗ ಮಾಡಿದರೆ 74. ಎರಡನೆಯದಕ್ಕೆ ಒಂದರಿಂದ ಐದು ವರ್ಷ ಜೈಲು. ಡೈವಿಂಗ್‌ಗೆ 10 ವರ್ಷದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. 18ರ ಒಳಗಿನವರಾದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾನೂನು ಪೋಕ್ಸೋ ಬರುತ್ತದೆ, ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ.

ಇನ್ನೊಂದು ವಿಷಯ ನನಗೂ ಈ ವಾರವೇ ತಿಳಿದದ್ದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಆಫೀಸಿನಲ್ಲಿ ಕೆಲಸ ಮಾಡುವ ಹೆಂಗಸರಿಗೆ ಮಾತ್ರ ಅಂತಲೇ ತಿಳಿದಿದ್ದೆ. ಅಲ್ಲಿ ಉದ್ಯೋಗಿಯಾಗಿರಲಿ ಇಲ್ಲದಿರಲಿ, ಕೆಲಸದ ಜಾಗದಲ್ಲಿ ಕಿರುಕುಳಕ್ಕೆ ಒಳಗಾದ ಯಾವ ವಯಸ್ಸಿನ ಹೆಂಗಸೂ ದೂರು ಕೊಡಬಹುದು. ದುಡ್ಡು ಕೊಟ್ಟು ಬಂದ ಗ್ರಾಹಕಿಯೂ. ಡೈವಿಂಗ್ ಅಂಗಡಿಯಲ್ಲಿ 10 ಜನರಿಗಿಂತ ಕಡಿಮೆ ಕೆಲಸಗಾರರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು, ಮೂರು ತಿಂಗಳೊಳಗೆ.

ಸಾಕ್ಷಿ ಎಲ್ಲಿಂದ ತರೋದು ಅಂತಲೂ ಅಣ್ಣ ಕೇಳಿದ. ಅದಂತೂ ಪ್ಯಾಕೇಜಿನಲ್ಲೇ ಇತ್ತು! ನೀರೊಳಗಿನ ಗೋಪ್ರೋ ಕ್ಯಾಮೆರಾ ವಿಡಿಯೋಗೆ ಅಂತ ದುಡ್ಡು ತಗೊಂಡಿರುತ್ತಾರಲ್ಲ. ಹಾಡು ಸೇರಿಸಿ ಕತ್ತರಿಸಿದ ಎರಡು ನಿಮಿಷದ ತುಣುಕು ಬೇಡ, ಕ್ಯಾಮೆರಾ ಕಾರ್ಡಿನಲ್ಲಿರುವುದು ಪೂರ್ತಿ ಬೇಕು ಅಂತ ಅವತ್ತೇ ಕೇಳಿ. ಕೊಡದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ, ಪೊಲೀಸರು ವಶಕ್ಕೆ ತೆಗೆದುಕೊಳ್ಳಬಹುದು. ಇಳಿಯುವ ಮುಂಚೆ ಸಹಿ ಹಾಕಿದ ಫಾರಂನಲ್ಲಿ ತಾರೀಕಿದೆ. ನನ್ನ ಕೈಯ ಡೈವ್ ಕಂಪ್ಯೂಟರ್‌ನಲ್ಲಿ ನಾನು ಎಷ್ಟು ಗಂಟೆಗೆ ಎಷ್ಟು ಆಳದಲ್ಲಿದ್ದೆ ಅಂತ ದಾಖಲಾಗಿದೆ, ಅದನ್ನೂ ಕೊಟ್ಟೆ. ಅವಳು ಅವತ್ತು ರಾತ್ರಿಯೇ ನಡೆದದ್ದನ್ನೆಲ್ಲ ಬರೆದಿಟ್ಟಳು. ಠಾಣೆಯಲ್ಲಿದ್ದ ಮೇಡಂ ಡೈವಿಂಗ್ ಜಾಕೆಟ್ ನೋಡಿರಲಿಲ್ಲ, ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ಪಟ್ಟಿ ಎಲ್ಲಿ, ಗುಂಡಿ ಎಲ್ಲಿ, ಕೈ ಎಲ್ಲಿತ್ತು ಅಂತ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಅಣ್ಣ ಪಕ್ಕದಲ್ಲಿ ಕೂತು ಚಿತ್ರ ನೋಡುತ್ತಿದ್ದ, ಆಮೇಲೆ 'ಮುಟ್ಟದೆ ಹೇಗೆ' ಅನ್ನಲಿಲ್ಲ.

ಪೊಲೀಸ್ ದೂರಿನ ಜೊತೆ ಇನ್ನೊಂದು ಕಡೆಗೂ ಬರೆಯಬೇಕು. ಪಾಡಿ, ಎಸ್‌ಎಸ್‌ಐ ಮುಂತಾದ ಸಂಸ್ಥೆಗಳು ಈ ಇನ್‌ಸ್ಟ್ರಕ್ಟರ್‌ಗಳಿಗೆ ಪ್ರಮಾಣಪತ್ರ ಕೊಟ್ಟಿರುತ್ತವೆ, ಒಬ್ಬೊಬ್ಬರಿಗೂ ಒಂದು ಸಂಖ್ಯೆ ಇರುತ್ತದೆ. ಅಂಗಡಿಯವನು ಕೆಲಸದಿಂದ ತೆಗೆದರೆ ಮುಂದಿನ ಸೀಸನ್‌ಗೆ ಮಾಲ್ವಣ್‌ನಲ್ಲೋ ಗೋವಾದಲ್ಲೋ ಅಂಡಮಾನ್‌ನಲ್ಲೋ ಸೇರಿಕೊಳ್ಳಬಹುದು. ಸಂಸ್ಥೆ ಸದಸ್ಯತ್ವ ರದ್ದು ಮಾಡಿದರೆ ಅದರ ಹೆಸರಿನಲ್ಲಿ ಎಲ್ಲೂ ಕಲಿಸುವ ಹಾಗಿಲ್ಲ.

ಇದೆಲ್ಲ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನಲ್ಲ, ಆರು ವರ್ಷದ ಹಿಂದೆ ನಾನು ಏನು ಮಾಡಿದೆ ಅಂತಲೂ ಹೇಳಬೇಕು. ನಾನು ಕೋರ್ಸ್ ಮಾಡಿದ ದಿನಗಳು ನಿಮಗೆ ನೆನಪಿರಬಹುದು, ಇಲ್ಲಿನ ನನ್ನ ಗೋಡೆ ತುಂಬ ಆಮೆಯ ಫೋಟೋ ಹಾಕಿದ್ದೆ. ಆ ನಾಲ್ಕೂ ದಿನ ನನ್ನ ಇನ್‌ಸ್ಟ್ರಕ್ಟರ್ ಎದೆಯ ಬಕಲನ್ನು ತಾನೇ ಹಾಕುತ್ತಿದ್ದ, ಹಾಕಿ ಮುಗಿದ ಮೇಲೂ ಕೈ ಅಲ್ಲೇ ಇರುತ್ತಿತ್ತು. ನಾನು ನಗುತ್ತಿದ್ದೆ. ಡೈವಿಂಗ್ ಅಂದರೆ ಹೀಗೇ ಇರಬೇಕು ಅಂದುಕೊಂಡೆ. ನನಗಾಗ 34 ವರ್ಷ, ಕೆಲಸವಿತ್ತು, ಆಫೀಸಿನಲ್ಲಿ ಹತ್ತು ಜನರನ್ನು ಗದರುವ ಬಾಯಿಯೂ ಇತ್ತು. ಮನೆಗೆ ಬಂದು ಐದು ಸ್ಟಾರ್ ಕೊಟ್ಟು 'ತುಂಬಾ ಕಾಳಜಿ ಇರುವ ಇನ್‌ಸ್ಟ್ರಕ್ಟರ್' ಅಂತ ಬರೆದೆ. ಅದನ್ನು ಓದಿ ಎಷ್ಟು ಹುಡುಗಿಯರು ಅವನನ್ನೇ ಕೇಳಿಕೊಂಡು ಹೋದರೋ.

ನಿನ್ನೆ ರಾತ್ರಿ ಆ ರಿವ್ಯೂ ಹುಡುಕಿ ಅಳಿಸಿದೆ, ನಡೆದದ್ದನ್ನು ಬರೆದೆ. ಅವನ ಇನ್‌ಸ್ಟ್ರಕ್ಟರ್ ಸಂಖ್ಯೆ ನನ್ನ ಡೈವಿಂಗ್ ಪ್ರಮಾಣಪತ್ರದ ಕಾರ್ಡಿನ ಮೇಲೆಯೇ ಇದೆ, ಇಷ್ಟು ವರ್ಷ ಪರ್ಸಿನಲ್ಲಿ ಇಟ್ಟುಕೊಂಡೇ ಓಡಾಡಿದ್ದೇನೆ. ಸಂಸ್ಥೆಗೆ ಬರೆದ ಮೇಲ್ ಇವತ್ತು ಬೆಳಿಗ್ಗೆ ಹೋಯಿತು.