ಹೆಸರು ನೋಡಿ ಫೋಟೊ ಅಳಿಸಬೇಡ್ರಿ

‘ಒಂದೇ ಹೆಸರಿನ ಫೈಲ್ ಎರಡು ಕಡೆ ಇದ್ದರೆ ಒಂದನ್ನು ಅಳಿಸಿ’ ಅಂತ, ಕಂಪ್ಯೂಟರ್‌ನಲ್ಲಿ ಜಾಗ ಮಾಡೋಕೆ ನಕಲು ಫೋಟೊ ಅಳಿಸೋ ಬಗ್ಗೆ ಬಂದ ಲೇಖನದಲ್ಲಿ ಬರೆದದ್ದು ಅಪಾಯದ ಸಲಹೆ. ನಿಕಾನ್ ಕ್ಯಾಮೆರಾ ಡಿಎಸ್‌ಸಿ_9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಎಣಿಸ್ತದೆ. ಕಲಬುರಗಿಯ ಮದುವೆಯೊಂದಕ್ಕೆ ಇಬ್ಬರು ಕ್ಯಾಮೆರಾ ಹಿಡಿದರೆ ಅಕ್ಷತೆಯ ಫೋಟೊಕ್ಕೂ ಊಟದ ಪಂಕ್ತಿಯ ಫೋಟೊಕ್ಕೂ ಒಂದೇ ಹೆಸರು ಬೀಳಬಹುದು.

ಹೋಲಿಸಬೇಕಾದ್ದು ಫೈಲ್ ಒಳಗಿನ ಡೇಟಾ. ಉಚಿತವಾಗಿ ಸಿಗುವ, ನಕಲು ಫೈಲ್ ಹುಡುಕೋ ತಂತ್ರಾಂಶ ಡ್ಯೂಪ್‌ಗುರುವಿನಲ್ಲಿ ಸ್ಕ್ಯಾನ್ ಟೈಪ್ ‘ಕಂಟೆಂಟ್ಸ್’ ಇಡ್ರಿ. ಮೂಲ ಫೋಲ್ಡರ್‌ನ್ನು ‘ರೆಫರೆನ್ಸ್’ ಅಂತ ಗುರುತಿಸಿದರೆ ಅದರೊಳಗಿನ ಫೈಲನ್ನು ಅದು ಮುಟ್ಟೋದಿಲ್ಲ. ವಾಟ್ಸ್ಆ್ಯಪ್‌ನಿಂದ ಬಂದ ಪ್ರತಿ ಮಾತ್ರ ಇದಕ್ಕೆ ಸಿಗದು. ಅಲ್ಲಿ ಫೋಟೊ ಮತ್ತೆ ಕುಗ್ಗಿ, ಕ್ಯಾಮೆರಾ ಫೈಲಿನೊಳಗೆ ಬರೆದಿಟ್ಟ, ತೆಗೆದ ದಿನಾಂಕದ ಎಕ್ಸಿಫ್ ಮಾಹಿತಿಯೂ ಅಳಿಸಿ ಹೋಗಿರ್ತದೆ. ಅದಕ್ಕೆ ‘ಪಿಕ್ಚರ್’ ಮೋಡ್ ಬೇಕು, ಎಷ್ಟು ಹೋಲಿದರೆ ನಕಲು ಅಂತ ಹೇಳೋ ಫಿಲ್ಟರ್ ಹಾರ್ಡ್‌ನೆಸ್ ಮೇಲೇ ಇರಲಿ. ಕೆಳಗಿಳಿಸಿದರೆ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವಾಗ ಒಂದರ ಹಿಂದೊಂದು ಸರಸರ ಬರ್ಸ್ಟ್‌ನಲ್ಲಿ ತೆಗೆದ ಬೇರೆ ಬೇರೆ ಫ್ರೇಮುಗಳೂ ನಕಲಾಗಿ ಕಾಣ್ತಾವ. ನಕಲುಗಳಲ್ಲಿ ಪಿಕ್ಸೆಲ್ ಅಳತೆ ದೊಡ್ಡದಿದ್ದದ್ದನ್ನು ಇಟ್ಕೊಳ್ರಿ.

ಒಂದೇ ಫೋಟೊವನ್ನು ಕ್ಯಾಮೆರಾ ಎರಡು ರೂಪದಲ್ಲಿ ಉಳಿಸಿದ ರಾ (ಸಂಸ್ಕರಿಸದ ಡೇಟಾ) ಮತ್ತು ಜೆಪೆಗ್ (ಕುಗ್ಗಿಸಿದ ಚಿತ್ರ) ಜೋಡಿ ನಕಲಲ್ಲ, ಅದನ್ನು ಲೇಖನ ಬಿಟ್ಟೇಬಿಟ್ಟಿದೆ.

‘ಅಳಿಸಿದರೂ ಜಾಗ ಆಗಲಿಲ್ಲ’ ಅನ್ನೋರು ರಿಸೈಕಲ್ ಬಿನ್ ನೋಡ್ರಿ. ಮ್ಯಾಕ್‌ನ ಫೋಟೋಸ್‌ನಲ್ಲಿ ‘ರೀಸೆಂಟ್ಲಿ ಡಿಲೀಟೆಡ್’ 30 ದಿನ ಹಾಗೇ ಹಿಡಿದಿಟ್ಟುಕೊಂಡಿರ್ತದೆ. ಫೋಟೊ ಜೋಡಿಸಿ ತಿದ್ದೋ ತಂತ್ರಾಂಶ ಲೈಟ್‌ರೂಮ್ ಬಳಸೋರು ಅದರೊಳಗಿಂದಲೇ ಅಳಿಸಬೇಕು, ಹೊರಗಿಂದ ತೆಗೆದರೆ ಅದರ ಫೋಟೊ ಪಟ್ಟಿಯಾದ ಕ್ಯಾಟಲಾಗ್‌ನಲ್ಲಿ ‘ಮಿಸ್ಸಿಂಗ್’ ಗುರುತು ಉಳೀತದೆ. ಇನ್ನು ಹೊರಗಿನ ಡಿಸ್ಕ್‌ಗೆ ಕಟ್-ಪೇಸ್ಟ್ ಮಾಡೋದಂತೂ ಬೇಡವೇ ಬೇಡ, ನಮ್ಮ ಕಡೆ ಕರೆಂಟ್ ಯಾವಾಗ ಹೋಗ್ತದೋ! ಕಾಪಿ ಮಾಡಿ, ಒಟ್ಟು ಎಷ್ಟು ಫೈಲ್, ಒಟ್ಟು ಗಾತ್ರ ಎಷ್ಟು ಅಂತ ತಾಳೆ ನೋಡಿ, ಆಮೇಲೆ ಮೂಲ ತೆಗೀರಿ.