ಗೆದ್ದವರ ಲೆಕ್ಕ

ಕಡಿಮೆ ಜನ ಇಟ್ಟುಕೊಂಡು ದೊಡ್ಡ ಸೈನ್ಯವನ್ನು ಸೋಲಿಸಬೇಕೇ? ಮೊದಲು ಒಬ್ಬ ಒಳ್ಳೆಯ ಲೆಕ್ಕದವನನ್ನು ಹುಡುಕಿ. ಕತ್ತಿ, ಕುದುರೆ ಎಲ್ಲ ಆಮೇಲೆ.

ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ಗ್ರೀಸ್ ಮೇಲೆ ದಂಡೆತ್ತಿ ಹೋದ. ದಾರಿಯಲ್ಲಿ ದೋರಿಸ್ಕಸ್ ಬಯಲಲ್ಲಿ ತಲೆ ಎಣಿಕೆ ನಡೆಯಿತಂತೆ. ಅದನ್ನು ಬರೆದಿಟ್ಟವನು ಗ್ರೀಕರವನೇ ಆದ ಇತಿಹಾಸಕಾರ ಹೆರೊಡೋಟಸ್. ಹತ್ತು ಸಾವಿರ ಜನರನ್ನು ಒತ್ತೊತ್ತಾಗಿ ನಿಲ್ಲಿಸಿ ಸುತ್ತ ಗೆರೆ ಎಳೆದರು. ಅವರನ್ನು ಆಚೆ ಕಳಿಸಿ, ಗೆರೆಯ ಮೇಲೆ ಹೊಕ್ಕುಳೆತ್ತರದ ಗೋಡೆ ಕಟ್ಟಿದರು. ಆಮೇಲೆ ಸೇರಿನಲ್ಲಿ ಭತ್ತ ಅಳೆದ ಹಾಗೆ ತುಂಬಿಸು, ಖಾಲಿ ಮಾಡು, ಮತ್ತೆ ತುಂಬಿಸು. ಬಂದ ಲೆಕ್ಕ 17 ಲಕ್ಷ ಕಾಲಾಳು. ಅಂದರೆ 170 ಸಲ!

ಹಡಗಿನವರು, ದಾರಿಯಲ್ಲಿ ಸೇರಿಕೊಂಡವರು, ಆಳುಕಾಳು ಎಲ್ಲ ಕೂಡಿಸಿ ಅವನು ಕೊಡುವ ಮೊತ್ತ 52,83,220. ಕೊನೆಯ ಆ 220 ನೋಡಿ. 52 ಲಕ್ಷ ನಂಬದವನೂ ಅದನ್ನು ನಂಬಿಬಿಡುತ್ತಾನೆ. ಜೊತೆಗಿದ್ದ ಭಾರತದ ನಾಯಿಗಳು ಎಷ್ಟೆಂದು ಮಾತ್ರ ಹೇಳಲಾಗದಂತೆ. ಪ್ರಾಮಾಣಿಕ, ಅಲ್ವಾ?

ಗ್ರೀಕರ ಕಡೆಯವರನ್ನು ಎಣಿಸುವಾಗ ಮಾತ್ರ ಕೈ ಬಿಗಿ. ಅದೇ ದಂಡನ್ನು ಗ್ರೀಕರು ತಡೆದು ನಿಂತ ಥರ್ಮಾಪಿಲೆ ಕಾಳಗ ಅಂದರೆ 300 ಸ್ಪಾರ್ಟನ್ನರು. ಕೊನೆವರೆಗೂ ಜೊತೆಗೇ ನಿಂತು ಸತ್ತ ಥೆಸ್ಪಿಯಾ ಅನ್ನುವ ಇನ್ನೊಂದು ಗ್ರೀಕ್ ಊರಿನ 700 ಜನರಿಗೆ ಜಿಮ್ಮಿನ ಗೋಡೆಯ ಪೋಸ್ಟರಿನಲ್ಲೂ ಜಾಗ ಇಲ್ಲ. ಅದು ಸೋತ ಕಾಳಗ ಅನ್ನುವುದು ಬೇರೆ ಮಾತು.

ಅಲೆಕ್ಸಾಂಡರ್ ಪರ್ಷಿಯನ್ನರನ್ನು ಸೋಲಿಸಿದ ಕ್ರಿ.ಪೂ. 331ರ ಗಾಗಮೇಲಾ ಕಾಳಗದ ಲೆಕ್ಕ ಇನ್ನೂ ಚೆನ್ನಾಗಿದೆ. ನಾಲ್ಕು ಶತಮಾನ ಕಳೆದ ಮೇಲೆ ಬರೆದ ಗ್ರೀಕ್ ಇತಿಹಾಸಕಾರ ಏರಿಯನ್ ಪ್ರಕಾರ ಸತ್ತ ಪರ್ಷಿಯನ್ನರು ಸುಮಾರು 3 ಲಕ್ಷ. ಅಲೆಕ್ಸಾಂಡರನ ಕಡೆ ಸುಮಾರು ನೂರು. ಆದರೆ ಅವನ ಕುದುರೆಗಳು ಸಾವಿರಕ್ಕೂ ಜಾಸ್ತಿ ಸತ್ತವು. ಪಾಪ, ಕುದುರೆ ಸತ್ತರೆ ಯಾರ ಮಾನವೂ ಹೋಗುವುದಿಲ್ಲವಲ್ಲ, ಅದಕ್ಕೇ ಲೆಕ್ಕ ಸರಿಯಾಗಿ ಬಂದಿದೆ.

ಇನ್ನು ನಮ್ಮ ಪ್ಲಾಸಿ, 1757. ಈಸ್ಟ್ ಇಂಡಿಯಾ ಕಂಪನಿಯ ಕ್ಲೈವ್ ಬಳಿ ಸುಮಾರು 3,000 ಜನ, ಬಂಗಾಳದ ನವಾಬ ಸಿರಾಜುದ್ದೌಲನ ಬಳಿ ಸುಮಾರು 50,000. ಎಂಥಾ ಶೌರ್ಯ! ಆ 50,000ದಲ್ಲಿ ಬಹುಪಾಲು ನವಾಬನದೇ ಸೇನಾಪತಿ ಮೀರ್ ಜಾಫರ್ ಮತ್ತು ಅವನ ಜೊತೆಗಾರರ ಕೈಯಲ್ಲಿತ್ತು. ಅವರು ಸುಮ್ನೆ ನಿಂತು ನೋಡಿದರು. ನೋಡಲು ಬಂದವರನ್ನೂ ಎದುರಾಳಿ ಅಂತ ಎಣಿಸಿದರೆ ಯಾರು ಬೇಕಾದರೂ ವೀರರೇ. ಮಳೆ ಬಂತು, ನವಾಬನ ಸಿಡಿಮದ್ದು ನೆನೆಯಿತು. ಕಂಪನಿಯವರು ತಮ್ಮದಕ್ಕೆ ಟಾರ್ಪಾಲು ಹೊದಿಸಿದ್ದರು. ಅಷ್ಟೇ ಕಾಳಗ. ಕ್ಲೈವ್ ‘ಪ್ಲಾಸಿಯ ಬ್ಯಾರನ್’ ಆದ.

ಯುದ್ಧಕ್ಕೆ ಮೊದಲೇ ಮೀರ್ ಜಾಫರ್ ಜೊತೆ ಆದ ಗುಟ್ಟಿನ ಒಪ್ಪಂದದಲ್ಲಿ ಕಂಪನಿಗೆ ಒಂದು ಕೋಟಿ ರೂಪಾಯಿ ಅಂತ ಬರೆದಿತ್ತು. ಆ ಅಂಕಿಯನ್ನು ಮಾತ್ರ ಯಾರೂ ಉಬ್ಬಿಸಿದ್ದಲ್ಲ.